ಡ್ರಮ್ಮರನ ಗಂಟಲು

"ಬಂದೆ ರೀ," ಎಂದಳು ಅಮ್ಮ ಪಕ್ಕದ ಕೋಣೆಯಿಂದ. ಹೊಲಿಗೆ ಯಂತ್ರದ ಸದ್ದು ನಿಂತಿತು.

ಮೈಕಿನ ಮುಂದೆ ಕೂಗುತ್ತಿದ್ದ ಡ್ರಮ್ಮರ್ ಬಾಯಿ ತೆರೆದುಕೊಂಡೇ ನಿಂತುಬಿಟ್ಟ. ಅಮ್ಮ 'ರೀ' ಎನ್ನುತ್ತಿದ್ದದ್ದು ಅಪ್ಪನನ್ನು ಮಾತ್ರ. ಅಪ್ಪ ತೀರಿಕೊಂಡು ವರ್ಷದ ಮೇಲಾಗಿತ್ತು.

ರೆಕಾರ್ಡಿಂಗಿಗೆ ಬಂದಿದ್ದ ಗೆಳೆಯ ಸೋಡಾಬುಡ್ಡಿ ಹೆಡ್‌ಫೋನ್ ತೆಗೆದ. "ಅಮ್ಮನ ದನಿ ಸೇರ್ಕೊಂಡ್‌ಬಿಡ್ತು ಕಣೋ. ಇನ್ನೊಂದ್ ಸಲ ಕೂಗು. ಚೆನ್ನಾಗಿತ್ತು ಮಾತ್ರ, ನನ್ನ ಮೈಯೇ ಜುಮ್ ಅಂತು."

ಕಿರುಚಾಟವೇ ಹಾಡಾಗಿರುವ ಬ್ಲ್ಯಾಕ್ ಮೆಟಲ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಮುಖಕ್ಕೆ ಕಪ್ಪು ಬಿಳಿ ಬಳಿದುಕೊಂಡು, ಡ್ರಮ್ಮುಗಳ ಹಿಂದೆ ಎಲೆಮರೆಯ ಕಾಯಿಯಂತೆ ಕೂತಿದ್ದವನು ಅವನು. ಗಂಟಲು ಹರಿಯುವಂತೆ ಕಿರುಚುವ ಭಾಗ್ಯವೆಲ್ಲ ಮುಂದೆ ನಿಂತ ಹಾಡುಗಾರನದು. ಈಗ ತನ್ನದೇ ಮೊದಲ ಆಲ್ಬಮ್. ಡ್ರಮ್ಮು, ಗಿಟಾರು ಎಲ್ಲವನ್ನೂ ತಾನೇ ನುಡಿಸಿ ಮುಗಿಸಿದ್ದ. ಕೂಗಿಗೂ ಎರವಲು ಗಂಟಲು ಬೇಡವೆಂದು ಹಟ ಹಿಡಿದಿದ್ದ. ಅಪ್ಪನ ಕೋಣೆ ಖಾಲಿಯಿತ್ತು, ರೆಕಾರ್ಡಿಂಗ್ ಅಲ್ಲೇ ನಡೆದಿತ್ತು. ಸದ್ದು ಹೊರಹೋಗದಿರಲೆಂದು ಅವರು ಮಲಗುತ್ತಿದ್ದ ಹಾಸಿಗೆಯನ್ನೇ ಗೆಳೆಯರಿಬ್ಬರೂ ಗೋಡೆಗೆ ಆನಿಸಿ ನಿಲ್ಲಿಸಿದ್ದರು.

ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಅಮ್ಮ ಬಾಗಿಲಿಗೆ ಬಂದಳು. ಮಗನನ್ನು ಕಂಡು ನಾಚಿದಳು.

"ನೀನಾ? ಅವರೇ ಕರೆದ ಹಾಗಾಯ್ತು. ಕೊನೇಲಿ ಮಾತು ನಿಂತ ಮೇಲೆ ಹೀಗೇ ಕೂಗ್ತಿದ್ರು. ಎಲ್ಲಿ ಕಲಿತೆ ಇದನ್ನ?"

"ನಾನೆಲ್ಲಿ ಕೇಳಿದ್ದೆ ಅಮ್ಮ? ಆಗ ಬ್ಯಾಂಡ್ ಜೊತೆ ಊರೂರು ಸುತ್ತಾ ಇದ್ನಲ್ಲ."

"ಅದೂ ನಿಜ ಅನ್ನು," ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಅದೇ ಅವನನ್ನು ಚುಚ್ಚಿತು.

"ಅಪ್ಪನ ಗಂಟಲು ಮಗನಿಗೆ ಬರದೆ ಪಕ್ಕದ ಮನೆಯವನಿಗೆ ಬರುತ್ತಾ ಅಮ್ಮ?" ಎಂದ ಸೋಡಾಬುಡ್ಡಿ. ಅಮ್ಮ ನಕ್ಕು ಒಳಗೆ ಹೋದಳು.

ಡ್ರಮ್ಮರನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಕಾದು ಬಾಯಿ ಬಿಟ್ಟರೆ ಹೊರಬಂದದ್ದು ತನ್ನ ದನಿಯೇ ಅಲ್ಲ ಎಂದರೆ ಹೇಗೆ? ಮುಂದಿನ ಟೇಕಿನಲ್ಲಿ ಬೇಕೆಂದೇ ದನಿಯನ್ನು ಸಣ್ಣಗೆ ಮಾಡಿ ಮೇಲಕ್ಕೆಳೆದ.

ಸೋಡಾಬುಡ್ಡಿ ಅಡ್ಡಡ್ಡ ತಲೆಯಾಡಿಸಿದ. "ಇದು ನಿಮ್ಮ ಹಾಡುಗಾರನ ನಕಲು. ನಿಂದು ಕೊಡು."

ಅವನು ಕಣ್ಣು ಮುಚ್ಚಿ ಗಂಟಲನ್ನು ಪೂರ್ತಿ ಬಿಟ್ಟ. ಕೂಗು ಬೆನ್ನ ಹಿಂದಿನಿಂದ, ಹಾಸಿಗೆಯ ಕಡೆಯಿಂದ ಎದ್ದು ತನ್ನ ಬಾಯಿಯನ್ನು ಹಾದುಹೋದಂತೆ ಅನಿಸಿತು. ಅವನಿಗೆ ನಿಜಕ್ಕೂ ಭಯವಾಯಿತು.

ಈ ಸಲ ಅಮ್ಮ ಓಗೊಡಲಿಲ್ಲ. ನೀರಿನ ಲೋಟ, ಚಮಚ ಹಿಡಿದು ನೇರ ಒಳಗೇ ಬಂದಳು. ಸೋಡಾಬುಡ್ಡಿ ಅವಳ ಕಣ್ಣಿಗೇ ಬೀಳಲಿಲ್ಲ.

"ಕೂತ್ಕೊಳ್ಳಿ," ಎಂದಳು ಮಗನಿಗೆ. "ಗಾಬರಿ ಬೇಡ. ಒಂದೊಂದೇ ಚಮಚ ಕುಡೀರಿ."

'ಅಮ್ಮ, ನಾನು' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವಳು ಮತ್ತೆ ನಾಚಿ ಹೊರಟುಹೋಗುತ್ತಿದ್ದಳು. ಅವನು ಮಾತು ನುಂಗಿಕೊಂಡು ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ. ನೀರು ಚೆಲ್ಲದಿರಲೆಂದು ಅಮ್ಮ ಅವನ ಗಲ್ಲದ ಕೆಳಗೆ ಅಂಗೈ ಹಿಡಿದಳು.