ಟೇಪಿನ ಮೊದಲ ಅಡಿ

ಪಟ್, ಪಟ್ ಎಂಬ ಸಣ್ಣ ಸದ್ದಿಗೆ ಎಚ್ಚರವಾಯಿತು. ರಾತ್ರಿ ಹನ್ನೆರಡು ದಾಟಿತ್ತು. ಮೇಜಿನ ಮೇಲೆ ತೆರೆದಿಟ್ಟಿದ್ದ ಹಳೆಯ ನೋಟ್‌ಬುಕ್ಕಿನ ಹಾಳೆ ಫ್ಯಾನಿನ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಹಾಳೆ ಹರಿದುಹೋದರೆ ಎಂದು ಹೆದರಿ ಎದ್ದೆ. ಬೆಳಗಾದರೆ ಅದು ಪ್ರದರ್ಶನದ ಗಾಜಿನ ಪೆಟ್ಟಿಗೆ ಸೇರಬೇಕಿತ್ತು.

ಪ್ರದರ್ಶನ ಗುಬ್ಬಿಯ ರೇವಕ್ಕನದು. ಮರಳೂರಿನ ನಮ್ಮ ಮಹಿಳಾ ಸಮಾಜದವರು ತುಮಕೂರಿನಲ್ಲಿ ಏರ್ಪಡಿಸಿದ್ದೆವು. ಪೋಲಿಯೋದಿಂದ ಎರಡೂ ಕಾಲು ಸೋತ ರೇವಕ್ಕ ಸ್ಟೂಲಿನ ಮೇಲೆ ಕೂತು ಗುಂಡು ಎಸೆದು, ಬೆಂಗಳೂರಿನ ಅಂಗವಿಕಲರ ಕ್ರೀಡಾಕೂಟದಲ್ಲಿ ಗೆದ್ದು, ಆಮೇಲೆ ತನ್ನಂಥ ಹುಡುಗಿಯರನ್ನು ಮನೆಮನೆಯಿಂದ ಹೊರಗೆ ಕರೆತಂದು ಮೈದಾನಕ್ಕೆ ಇಳಿಸಿದವಳು. ಅವಳನ್ನು ಬೆಂಗಳೂರಿಗೆ ಕಳಿಸಿದ ಆಯ್ಕೆ ನಡೆದದ್ದು ಎಪ್ಪತ್ತಾರರಲ್ಲಿ, ಗುಬ್ಬಿಯ ಮೈದಾನದಲ್ಲಿ. ಆಗ ನಾನು ಬಿ.ಎ. ಓದುತ್ತಿದ್ದೆ. ಟೇಪು ಹಿಡಿದು ಅಳತೆ ಬರೆದುಕೊಂಡವಳು ನಾನೇ. ಹನ್ನೊಂದು ವರ್ಷ ಆ ನೋಟ್‌ಬುಕ್ ಜೋಪಾನ ಮಾಡಿದ್ದೆ. ಪೆಟ್ಟಿಗೆಯಲ್ಲಿ ಅದರ ಪಕ್ಕಕ್ಕೆ ಇಡಲು ಒಂದು ಚೀಟಿಯನ್ನೂ ಬರೆದಿದ್ದೆ: ‘ಎಲ್ಲವೂ ಶುರುವಾದದ್ದು ಈ ಪುಟದಿಂದ.’

ಹಾಳೆಯ ಮೇಲೆ ಸ್ಕೇಲು ಇಡುವಾಗ ಅಂಕಿಗಳ ಮೇಲೆ ಕಣ್ಣು ಹೋಯಿತು.

ಅವತ್ತಿನ ಬಟ್ಟೆ ಟೇಪಿನ ಮೊದಲ ಒಂದು ಅಡಿ ಕಿತ್ತುಹೋಗಿತ್ತು. ಹಾಗಾಗಿ ಒಂದು ಅಡಿಯ ಗುರುತನ್ನು ಗೆರೆಗೆ ಹಿಡಿದು, ಬಂದ ಅಳತೆಯಲ್ಲಿ ಒಂದು ಅಡಿ ಕಳೆಯುತ್ತಿದ್ದೆವು. ಎಡಗಡೆ ಟೇಪಿನ ಅಳತೆ, ಬಲಗಡೆ ಕಳೆದು ಉಳಿದದ್ದು. ಕುಣಿಗಲ್ಲಿನ ಶಿವರುದ್ರಮ್ಮ: ಎಡಗಡೆ ಹದಿನಾಲ್ಕು ಅಡಿ ಎಂಟು ಇಂಚು, ಬಲಗಡೆ ಹದಿಮೂರು ಅಡಿ ಎಂಟು ಇಂಚು. ಅದರ ಕೆಳಗೆ ರೇವಕ್ಕನ ಕೊನೆಯ ಎಸೆತ: ಎಡಗಡೆ ಹದಿನಾಲ್ಕು ಅಡಿ ಮೂರು ಇಂಚು. ಬಲಗಡೆಯೂ ಹದಿನಾಲ್ಕು ಅಡಿ ಮೂರು ಇಂಚು.

ನಾನು ಕಳೆದಿರಲಿಲ್ಲ.

ಆ ಎಸೆತಕ್ಕೆ ಸ್ಟೂಲು ಮಗುಚಿ ರೇವಕ್ಕ ಬಿದ್ದಿದ್ದಳು. ಓಡಿಹೋಗಿ ಎತ್ತಿ ಕೂರಿಸಿದ್ದೆ. ಅವಳ ಮೊಣಕೈಯಿಂದ ರಕ್ತ ಬರುತ್ತಿತ್ತು. ವಾಪಸು ಬಂದು ಅವಸರದಲ್ಲಿ ಬರೆದಿದ್ದೆ. ಕಳೆದರೆ ಹದಿಮೂರು ಅಡಿ ಮೂರು ಇಂಚು. ನಿಜಕ್ಕೂ ಗೆದ್ದವಳು ಶಿವರುದ್ರಮ್ಮ, ಐದು ಇಂಚಿನಿಂದ. ಬೆಂಗಳೂರಿಗೆ ಹೋಗಲು ಒಬ್ಬರಿಗೆ ಮಾತ್ರ ಅವಕಾಶವಿತ್ತು. ಮತ್ತೆ ಮತ್ತೆ ಕಳೆದು ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಗಾಜಿನ ಪೆಟ್ಟಿಗೆ ಖಾಲಿ ಇದ್ದದ್ದನ್ನು ಮೊದಲು ಕಂಡವರು ಮಹಾಲಿಂಗಯ್ಯ ಮೇಷ್ಟ್ರು. ಅವತ್ತು ಗೆದ್ದವರ ಹೆಸರು ಕೂಗಿದ್ದು ಅವರೇ. ಈಗ ನಿವೃತ್ತರು.

“ಎಲ್ಲಿ ಗಂಗಾ, ನಿನ್ನ ಬುಕ್ಕು?”

“ಮನೇಲಿ ಮರೆತುಬಂದೆ ಸಾರ್.”

“ನೀನು ಮರೆಯೋದುಂಟೇನಮ್ಮ!” ಎಂದು ನಕ್ಕರು. ನೋಟ್‌ಬುಕ್ ನನ್ನ ಹೆಗಲ ಚೀಲದಲ್ಲೇ ಇತ್ತು. ಚೀಟಿಯನ್ನು ಮಡಚಿ ಅದರೊಳಗೆ ತುರುಕಿದೆ.

ರೇವಕ್ಕ ಆರು ಹುಡುಗಿಯರ ಜೊತೆ ಬಂದಳು. ಗಾಲಿಕುರ್ಚಿಯಲ್ಲಿ ಕೂತು ತನ್ನ ದೊಡ್ಡ ಫೋಟೋ ನೋಡಿದವಳೇ ಕೂಗಿದಳು. “ಏನೇ ಗಂಗಾ, ಫೋಟೋಗೆ ಹಾರ ಹಾಕ್ಬುಟ್ಟಿದೀರಾ? ಇನ್ನೂ ಸತ್ತಿಲ್ಲ ಕಣ್ರೇ ನಾನು! ತೆಗೀರಿ, ಕತ್ತಿಗೇ ಹಾಕ್ಕೊಳ್ತೀನಿ.” ಎಲ್ಲರೂ ನಕ್ಕರು. ಹಾರ ತೆಗೆದು ಅವಳ ಕೊರಳಿಗೆ ಹಾಕುವಾಗ ಹೇಳಿಬಿಡಲೇ ಎಂದುಕೊಂಡೆ. ಅವಳು ನನ್ನ ಕೆನ್ನೆ ಹಿಂಡಿ, “ಯಾಕೇ ಮುಖ ಹಿಂಗಾಗೈತೆ? ಊಟ ಮಾಡ್ತೀಯೋ ಇಲ್ವೋ?” ಎಂದಳು. ಹಾರ ಸರಿಮಾಡಿ ಹಿಂದೆ ಸರಿದೆ.

ಹನ್ನೊಂದರ ಹೊತ್ತಿಗೆ ಊರುಗೋಲಿನ ಸಪ್ಪಳ ಕೇಳಿಸಿತು. ಶಿವರುದ್ರಮ್ಮ. ಆಹ್ವಾನ ಪತ್ರಿಕೆ ಕಳಿಸಿದ್ದವಳು ನಾನೇ, ಬರಲಾರಳು ಎಂದುಕೊಂಡಿದ್ದೆ. ಕುಣಿಗಲ್ಲಿನಲ್ಲಿ ಬ್ಲೌಸು ಹೊಲಿದು ಬದುಕುತ್ತಿದ್ದಳು. ಜೊತೆಗೆ ಅವಳ ನಾದಿನಿಯೂ ಬಂದಿದ್ದಳು.

“ನಮ್ಮ ಅತ್ತಿಗೆ ದಿನಾ ಹೇಳ್ತಾಳೆ ಕಣಮ್ಮ, ಗುಂಡು ಎಸೆದಿದ್ದೆ ಅಂತ,” ಎಂದಳು ನಾದಿನಿ. “ಎಸೆದಿದ್ದು ಗುಂಡೋ, ನಮ್ಮಣ್ಣನ ಮೇಲೆ ಪಾತ್ರೆನೋ, ನೋಡೋಣ ಅಂತ ಬಂದೆ.”

“ನೋಡು ಇವಳ ಬಾಯಿ!” ಶಿವರುದ್ರಮ್ಮ ನನ್ನ ಕೈ ಹಿಡಿದಳು. “ಗಂಗಮ್ಮ, ಅವತ್ತು ನಂದು ಎಷ್ಟು ಹೋಗಿತ್ತು ಅಂತ ನಿನ್ನ ಬುಕ್ಕಲ್ಲಿ ಐತಲ್ವಾ? ಅದನ್ನ ಇವಳಿಗೆ ತೋರಿಸ್ಬೇಕು. ಅದಕ್ಕೇ ಬಂದಿದ್ದು ಕಣವ್ವ. ಇಲ್ಲಿ ಎಲ್ಲೂ ಕಾಣಿಸ್ಲಿಲ್ಲ.”

ಮರೆತುಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಸಭಾಂಗಣದ ಗೋಡೆಗಳ ಮೇಲೆ ಎಲ್ಲೂ ಅವಳ ಹೆಸರಿರಲಿಲ್ಲ. ಇಬ್ಬರನ್ನೂ ಮೂಲೆಗೆ ಕರೆದುಕೊಂಡು ಹೋಗಿ ನೋಟ್‌ಬುಕ್ ತೆಗೆದೆ. ಪುಟ ಬಿಡಿಸಿ ಹಿಡಿದೆ. ಕೆಳಗಿದ್ದ ರೇವಕ್ಕನ ಸಾಲಿನ ಮೇಲೆ ಹೆಬ್ಬೆರಳು ಇಟ್ಟೆ, ಒತ್ತಿ.

ನಾದಿನಿ ಬೆರಳಿಟ್ಟು ನಿಧಾನವಾಗಿ ಓದಿದಳು. “ಶಿವರುದ್ರಮ್ಮ, ಕುಣಿಗಲ್. ಹದಿಮೂರು ಅಡಿ, ಎಂಟು ಇಂಚು. ಅಯ್ಯೋ, ಹೌದು ಕಣತ್ತಿಗೆ!”

“ಮತ್ತೆ? ಸುಳ್ಳು ಹೇಳ್ತೀನೇನೇ?” ಶಿವರುದ್ರಮ್ಮನ ಕಣ್ಣು ತುಂಬಿತ್ತು. ನನ್ನ ಕಡೆ ತಿರುಗಿ, “ರೇವಕ್ಕಂದು ಏಳಿಂಚು ಜಾಸ್ತಿ ಹೋಯ್ತು. ಹೋಗ್ಲಿ ಬುಡು, ಅವಳ ತೋಳು ಅಂಥಾದ್ದು. ಏಳಿಂಚು ಅಂದ್ರೆ ಏನು ಸುಮ್ನೇನಾ? ಬ್ಲೌಸಲ್ಲಿ ಅಷ್ಟು ಹೆಚ್ಚುಕಮ್ಮಿ ಮಾಡಿದ್ರೆ ಬಟ್ಟೆ ತಂದು ಮುಖಕ್ಕೆ ಎಸೀತಾರೆ,” ಎಂದು ನಕ್ಕಳು.

ನಾನೂ ನಕ್ಕೆ. ಬೆರಳು ಎತ್ತಲಿಲ್ಲ.

ಮಧ್ಯಾಹ್ನ ರೇವಕ್ಕ ಮೈಕು ಹಿಡಿದಳು. “ಗುಬ್ಬೀಲಿ ಆ ಏಳಿಂಚು ಸಿಗದೆ ಇದ್ದಿದ್ರೆ ನಾನು ಇವತ್ತಿಗೂ ಹಜಾರದಲ್ಲಿ ಬತ್ತಿ ಹೊಸೀತಾ ಕೂತಿರ್ತಿದ್ದೆ. ಇವೂ ಕೂತಿರ್ತಿದ್ವು,” ಎಂದು ಆರು ಹುಡುಗಿಯರ ಕಡೆ ಕೈ ತೋರಿಸಿದಳು. ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಶಿವರುದ್ರಮ್ಮ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು. ಅವಳೇ ಹೋಗಿದ್ದರೆ ಕುಣಿಗಲ್ಲಿನ ಯಾವ ಹುಡುಗಿಯರು ಇಲ್ಲಿ ಬಂದು ಕೂತಿರುತ್ತಿದ್ದರೋ ನನಗೆ ಗೊತ್ತಿಲ್ಲ. ಯಾರೂ ಕೂತಿರುತ್ತಿರಲಿಲ್ಲವೋ ಏನೋ. ಅದನ್ನು ತೀರ್ಮಾನಿಸಬೇಕಾದವಳು ನಾನಾಗಿರಲಿಲ್ಲ, ಆದರೆ ತೀರ್ಮಾನಿಸಿದ್ದವಳು ನಾನೇ.

ಹೊರಡುವಾಗ ಶಿವರುದ್ರಮ್ಮ, “ಆ ಬುಕ್ಕು ಜೋಪಾನ ಕಣಮ್ಮ. ನನ್ನ ಹೆಸರು ಇರೋದು ಅದೊಂದರಲ್ಲೇ,” ಎಂದಳು. ಆಗಲಿ ಎಂದೆ.

ರೇವಕ್ಕನ ಮನಸ್ಸು ನೋಯಬಾರದು, ಆ ಹುಡುಗಿಯರ ಸಂತೋಷ ಕೆಡಬಾರದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವೆಲ್ಲ ನಿಜವೇ. ಆದರೆ ನಾನು ಹೆದರಿದ್ದು ನನ್ನ ಹೆಸರಿಗೆ. ಗಂಗಾ ತಪ್ಪು ಬರೆದಳಂತೆ ಎಂಬ ಒಂದು ಮಾತಿಗೆ. ಶಿವರುದ್ರಮ್ಮ ನಾದಿನಿಯ ಭುಜ ಹಿಡಿದು ಮೆಟ್ಟಿಲು ಇಳಿಯುವುದನ್ನು ನೋಡುತ್ತ ನಿಂತೆ. ಅವಳಿಗಾಗಲಿ, ರೇವಕ್ಕನಿಗಾಗಲಿ, ಮೇಷ್ಟ್ರಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.