ತುದಿ ಕೂಡಿಸದ ಹಾರ

“ಸ್ವಲ್ಪ ತಲೆ ಬಗ್ಗಿಸೇ,” ಎಂದು ಅತ್ತೆ ಮಾಪುವಾನಾ ಮಲ್ಲಿಗೆಯ ಹಾರ ಎತ್ತಿ ಹಿಡಿದಾಗ ಹೇಲಾನಿಯ ಕಣ್ಣಿಗೆ ಮೊದಲು ಬಿದ್ದದ್ದು ಅದರ ಎರಡು ತುದಿಗಳು. ಕೂಡಿಸಿರಲಿಲ್ಲ. ಬಸುರಿಯ ಕೊರಳಿಗೆ ಗಂಟು ಹಾಕಿದ ಹಾರ ಹಾಕುವುದುಂಟೇ, ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲವೇ! ಹಾರವನ್ನು ಹೆಗಲ ಮೇಲಿಂದ ಇಳಿಬಿಟ್ಟು, ಅತ್ತೆ ಸೊಸೆಯ ಕೆನ್ನೆಗೆ ಮುತ್ತಿಟ್ಟಳು.

ಹೇಲಾನಿಯ ಬಸಿರು ಇಳಿದುಹೋಗಿ ಹನ್ನೊಂದು ದಿನವಾಗಿತ್ತು. ಹಿಲೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಆದದ್ದು. ಆರು ವರ್ಷ ಕಾದು ನಿಂತಿದ್ದ ಬಸಿರು ಅದು. ಅಮ್ಮನ ಕೊನೆಯ ಲೂವಾವ್ ಔತಣ ಒಂದು ಮುಗಿಯಲಿ, ಆಮೇಲೆ ಅವಳಿಗೆ ತಾನೇ ಹೇಳುತ್ತೇನೆ ಎಂದಿದ್ದ ಗಂಡ ಕಿಮೊ. ಅದೂ ಸರಿಯೇ ಅನ್ನಿಸಿತ್ತು. ಮೂವತ್ತೊಂದು ವರ್ಷ ಈ ರೆಸಾರ್ಟಿನ ಹಿತ್ತಿಲ ಕೊಠಡಿಯಲ್ಲಿ ಕೂತು ಅತಿಥಿಗಳಿಗೆ ಹಾರ ಪೋಣಿಸಿದ ಹೆಂಗಸು, ಒಂದು ದಿನವೂ ಇಲ್ಲಿ ಊಟಕ್ಕೆ ಕೂತವಳಲ್ಲ. ಇವತ್ತು ಬೀಳ್ಕೊಡುಗೆಯೆಂದು ಅವಳಿಗೆ ಮುಂದಿನ ಸಾಲಿನ ಮೇಜು ಕೊಟ್ಟಿದ್ದರು. ಹಾರವನ್ನು ಬೇಡವೆನ್ನುವಂತಿಲ್ಲ, ಕೊಟ್ಟವರೆದುರು ತೆಗೆದಿಡುವಂತೆಯೂ ಇಲ್ಲ. ಹೇಲಾನಿ ತೊಟ್ಟುಕೊಂಡೇ ಕುಳಿತಳು.

ಸಮುದ್ರದ ಕಡೆ ಹೊತ್ತು ಇಳಿಯುತ್ತಿತ್ತು. ವೇದಿಕೆಯ ಮೇಲೆ ನಿರೂಪಕ ಕವಿಕಾ ಎಂದಿನಂತೆ ಹೊಸದಾಗಿ ಮದುವೆಯಾದವರನ್ನು ನಿಲ್ಲಿಸಿ ಕಾಲೆಳೆದ, ಐವತ್ತು ವರ್ಷ ಬಾಳಿದವರಿಗೆ ಕೈ ಮುಗಿದ. ಆಮೇಲೆ ಇವರ ಮೇಜಿನ ಕಡೆ ತಿರುಗಿದ.

“ನಮ್ಮ ಮಾಪುವಾನಾ ಆಂಟಿ ವಯಸ್ಸಾಯ್ತು ಅಂತ ಕೆಲ್ಸ ಬಿಡ್ತಿದಾರೆ ಅನ್ಕೋಬೇಡಿ. ಮೊಮ್ಮಗು ಎತ್ಕೊಳ್ಳೋಕೆ ಕೈ ಖಾಲಿ ಮಾಡ್ಕೋತಿದಾರೆ ಅಷ್ಟೆ.”

ಹೇಲಾನಿ ಎದ್ದು ನಿಲ್ಲಬೇಕಾಯಿತು. ಎಲ್ಲಿಂದಲೋ ಬಂದ ನಾನೂರು ಜನ ಅವಳ ಹೊಟ್ಟೆ ನೋಡಿ ಚಪ್ಪಾಳೆ ತಟ್ಟಿದರು. ಅತ್ತ ನೆಲದೊಲೆಯ ಪಕ್ಕ ರೆಸಾರ್ಟಿನ ಕೆಲಸಗಾರರ ಜೊತೆ ಸಲಿಕೆ ಹಿಡಿದು ನಿಂತಿದ್ದ ಕಿಮೊ ತಲೆ ತಗ್ಗಿಸಿ ಮರಳು ಕೆದಕತೊಡಗಿದ. ಪಾಪ, ಅವನಾದರೂ ಏನು ಮಾಡಿಯಾನು.

ಶಂಖ ಊದಿದರು. ನೆಲದೊಳಗೆ ಬೆಂದ ಹಂದಿಯನ್ನು ಎತ್ತುವುದನ್ನು ನೋಡಲು ಜನವೆಲ್ಲ ಫೋನು ಹಿಡಿದು ಓಡಿತು. ಮೇಜುಗಳ ನಡುವೆ ಅತ್ತೆ ಸೊಸೆ ಇಬ್ಬರೇ ಉಳಿದರು. ಹಿಲೋಗೆ ಹೋಗಿ ಬಂದು ಅರ್ಧ ಇಳಿದಿದ್ದೀಯ ಎಂದು ಗೊಣಗುತ್ತ ಮಾಪುವಾನಾ ಕೆಸುವಿನ ಗಡ್ಡೆಯ ಪೋಯಿ ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿದಳು.

“ಹೆಣ್ಣಾದ್ರೆ ನಮ್ಮವ್ವನ ಹೆಸ್ರು. ಕಿಮೊ ಏನೇ ಹೇಳ್ಲಿ, ನೀನು ನನ್ನ ಕಡೆ ಇರ್ಬೇಕು.”

ಇನ್ನು ಆಗದು ಅನ್ನಿಸಿತು ಹೇಲಾನಿಗೆ. ಬಾಯಿ ತೆರೆದಳು. ಆದರೆ ಮುಂದೆ ಪೋಯಿಯ ಬಟ್ಟಲು ತೆರೆದಿತ್ತು. ತೆರೆದ ಬಟ್ಟಲಿನ ಎದುರು ಜಗಳವಾಡಬಾರದು, ಕೆಟ್ಟ ಮಾತು ಎತ್ತಬಾರದು ಎಂದು ಮದುವೆಯಾಗಿ ಬಂದ ವಾರದಲ್ಲೇ ಗದರಿಸಿ ಕಲಿಸಿದವಳು ಇದೇ ಅತ್ತೆ. ಹೇಲಾನಿಯ ಕೈ ತಾನಾಗಿಯೇ ಹಾರದ ತುದಿಗಳಿಗೆ ಹೋಯಿತು. ಜೋತಾಡುತ್ತಿದ್ದ ಎರಡೂ ದಾರಗಳನ್ನು ಎದೆಯ ಮೇಲೆ ಕೂಡಿಸಿ ಗಂಟು ಹಾಕಿದಳು.

ಮಾಪುವಾನಾ ಗದರಲು ಹೊರಟವಳು ಸೊಸೆಯ ಮುಖ ನೋಡಿದಳು. ತಟ್ಟೆಯಲ್ಲಿದ್ದ ಎಲೆಯೊಂದನ್ನು ತೆಗೆದು ಪೋಯಿಯ ಬಟ್ಟಲು ಮುಚ್ಚಿದಳು.

“ಯಾವಾಗ?”

“ಹಿಲೋದಲ್ಲಿ ಅತ್ತೆ. ಹನ್ನೊಂದು ದಿನ ಆಯ್ತು.”

“ಹನ್ನೊಂದು ದಿನ ಒಬ್ಳೇ ನುಂಗ್ಕೊಂಡಿದ್ಯಾ.”

ಹೇಲಾನಿಗೆ ಅಳು ತಡೆಯಲಾಗಲಿಲ್ಲ. ಅತ್ತೆ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು ಆ ಗಂಟನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಸಡಿಲ ಹಾಕಿದೀಯ. ಬಿಚ್ಚೋಗುತ್ತೆ,” ಎಂದು, ತಾನೇ ಬಿಗಿಯಾಗಿ ಹಾಕಲು ಮೆಲ್ಲಗೆ ಬಿಡಿಸಿದಳು.

ಜನ ಹಂದಿಮಾಂಸದ ತಟ್ಟೆ ಹಿಡಿದು ನಗುತ್ತ ಹಿಂತಿರುಗುತ್ತಿದ್ದರು. ವೇದಿಕೆಯಲ್ಲಿ ಡೋಲು ಶುರುವಾಯಿತು. ಮೂವತ್ತೊಂದು ವರ್ಷ ಕಣ್ಣು ಮುಚ್ಚಿಯೂ ಹಾಕಿದ ಗಂಟು. ಈಗ ದಾರದ ತುದಿಗಳು ಮಾಪುವಾನಾಳ ಬೆರಳಿಗೆ ಸಿಗಲೊಲ್ಲವು. ಅವಳು ಮತ್ತೆ ಮತ್ತೆ ಹುಡುಕುತ್ತಿದ್ದಳು. ಹೇಲಾನಿ ಅಲುಗಾಡದೆ ಕುಳಿತಿದ್ದಳು.