ಒದ್ದೆ ಹಲ್ಲಿಗೆ ಹಚ್ಚಿದ್ದು

ಹಲ್ಲಿನ ಡಾಕ್ಟರ ಹತ್ತಿರ ಅಪ್ಪನನ್ನು ಕರೆದುಕೊಂಡು ಹೋಗಿದ್ದೇ ನನ್ನ ತಪ್ಪು. ತೋರಿಸಬೇಕಾಗಿದ್ದದ್ದು ನನ್ನ ಆರು ವರ್ಷದ ಮಗಳ ಹಲ್ಲು. ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಕಾಡಿ ಬೇಡಿ ಅರ್ಧ ದಿನ ರಜೆ ತೆಗೆದುಕೊಂಡಿದ್ದೆ. ಮಗು ಹೆದರುತ್ತೆ, ನಾನೂ ಬರ್ತೀನಿ ಅಂತ ಅಪ್ಪ ಹೊರಟೇಬಿಟ್ಟರು. ಅವಳು ಹೆದರೋ ಪೈಕಿ ಅಲ್ಲ. ಅಳಿಲಿನ ಹಾಗೆ ಒಂದು ಕಡೆ ನಿಲ್ಲಲಾರಳು ಅಂತಲೇ ಮನೆಯಲ್ಲಿ ಅವಳನ್ನು ಇಣಚಿ ಅಂತ ಕರೆಯೋದು.

ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯಲ್ಲಿ ಬಹಳ ದೊಡ್ಡವರು. ಇಣಚಿಯ ಬಾಯಿ ನೋಡಿ, ಹಿಂದೆ ನಾಲ್ಕು ಹೊಸ ದವಡೆಹಲ್ಲು ಬಂದಿವೆ, ಇವು ಬಿದ್ದರೆ ಮತ್ತೆ ಹುಟ್ಟಲ್ಲ ಅಂದರು. ಮೇಲ್ಗಡೆ ಆಳವಾದ ಗೀರುಗಳಿವೆ, ಬ್ರಶ್ಶಿನ ಎಳೆ ಅದರೊಳಗೆ ಇಳಿಯಲ್ಲ, ಹುಳುಕು ಶುರುವಾಗೋ ಮೊದಲೇ ಸೀಲಂಟ್ ಅಂತ ತೆಳು ಪದರ ಹಚ್ಚಿ ಮುಚ್ಚಿಬಿಡೋಣ, ಸೂಜಿ ಇಲ್ಲ, ನೋವಿಲ್ಲ.

ಮುಚ್ಚೋದು ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಸ್ಟೂಲು ಮುಂದಕ್ಕೆ ಎಳೆದುಕೊಂಡರು. ನಲವತ್ತು ವರ್ಷ ಸೋರುವ ತಾರಸಿಗಳ ಬಿರುಕು ಮುಚ್ಚಿದವರು ಅವರು. ತಳ ಒಣಗಿರಬೇಕಲ್ಲ, ಬಾಯಲ್ಲಿ ಹೇಗೆ ಒಣಗಿಸ್ತೀರಿ? ಒಂದೇ ಪದರ ಸಾಕಾ? ಎಷ್ಟು ವರ್ಷ ಬಾಳಿಕೆ? ಡಾಕ್ಟರಮ್ಮ ಒಂದೊಂದಕ್ಕೂ ಉತ್ತರ ಕೊಟ್ಟರು. ಅಷ್ಟರಲ್ಲಿ ಇಣಚಿ ಬಾಯಿ ತೆರೆದು ತೋರಿಸೋದು ಬಿಟ್ಟು ತಾನೂ ಪ್ರಶ್ನೆ ಶುರುಮಾಡಿದಳು. ಕೊನೆಗೆ ಅಪ್ಪನನ್ನು ಹೊರಗೆ ಕೂರಿಸಿದ್ದಾಯಿತು.

ಮೂರು ಹಲ್ಲು ಸುಸೂತ್ರವಾಗಿ ಮುಗಿದವು. ನಾಲ್ಕನೆಯದನ್ನು ತೊಳೆದು, ಗಾಳಿ ಹಾಯಿಸಿ ಒಣಗಿಸಿದ್ದರು. ಆಗ ಬಾಗಿಲು ತೆರೆದು ಅಪ್ಪನ ತಲೆ ಇಣುಕಿತು. "ಒಣಗಿದೆಯಾ, ನೋಡಿಕೊಳ್ಳಿ" ಅಂದರು. ಇಣಚಿ ತಾತನ ಕಡೆ ತಿರುಗಿದಳು, ನಾಲಿಗೆ ಹಲ್ಲಿಗೆ ತಗುಲಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ನುಂಗಿಕೊಂಡೆ. ಡಾಕ್ಟರಮ್ಮ ಬೇಗ ಬೇಗ ಒರೆಸಿ, ಪದರ ಹಚ್ಚಿ, ಅದು ಗಟ್ಟಿಯಾಗಲು ನೀಲಿ ದೀಪ ಹಿಡಿದು ಮುಗಿಸಿದರು.

ಆರು ತಿಂಗಳಿಗೆ ಮತ್ತೆ ಮೂವರೂ ತೋರಿಸಲು ಹೋದಾಗ ಆ ನಾಲ್ಕನೆಯ ಹಲ್ಲಿನ ಪದರ ಅರ್ಧ ಕಿತ್ತುಬಂದಿತ್ತು. ಯಾಕೆ ಅಂತ ನಾನು ಕೇಳುವ ಮೊದಲೇ ಇಣಚಿ ಬಾಯಿಬಿಟ್ಟಳು.

"ತಾತ ಭಾನುವಾರ ಭಾನುವಾರ ಉಗುರಲ್ಲಿ ಕೆರೆದು ನೋಡ್ತಾರೆ."

ಅಪ್ಪ ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತರು. ನನ್ನ ತಲೆ ಕೆಟ್ಟುಹೋಯಿತು. ಮೊಮ್ಮಗಳ ಬಾಯಿ ಏನು ನಿಮ್ಮ ತಾರಸಿಯಾ, ಅಂಚು ಎದ್ದಿದೆಯಾ ಅಂತ ಕೆರೆಯೋಕೆ, ಇನ್ನೊಂದು ಅರ್ಧ ದಿನ ರಜೆ ನನಗೆ ಯಾರು ಕೊಡ್ತಾರೆ ಅಂತ ಡಾಕ್ಟರಮ್ಮನ ಎದುರೇ ರೇಗಾಡಿದೆ.

ಡಾಕ್ಟರಮ್ಮ ನನ್ನನ್ನು ತಡೆದರು. "ಉಗುರಿಗೆ ಕಿತ್ತುಬರೋ ವಸ್ತು ಅಲ್ಲ ಅಮ್ಮ ಇದು. ಅವತ್ತು ಎಂಜಲು ತಾಗಿತ್ತು. ಮೊದಲಿನಿಂದ ತೊಳೆದು ಮಾಡಬೇಕಿತ್ತು, ನಾನು ಆತುರ ಮಾಡಿದೆ."

"ನಾನು ಹೇಳಲಿಲ್ವಾ, ಒದ್ದೆ ಇದ್ದರೆ ಹಿಡಿಯಲ್ಲ ಅಂತ" ಅಂದರು ಅಪ್ಪ, ಮೆಲ್ಲಗೆ.

"ಒದ್ದೆ ಮಾಡಿಸಿದ್ದೇ ನೀವು!" ಅಂದೆ ನಾನು.

ಇಣಚಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕು ಮುಗಿಯುವವರೆಗೆ ಎಲ್ಲರೂ ಕಾದೆವು. ಆಮೇಲೆ ಡಾಕ್ಟರಮ್ಮ ಉಳಿದ ಪದರ ತೆಗೆದು ಮೊದಲಿನಿಂದ ಮಾಡಿದರು. ಅಪ್ಪ ಮೂಲೆಯಲ್ಲಿ ಎರಡೂ ಕೈ ಕಟ್ಟಿಕೊಂಡು, ತಾವೂ ಬಾಯಿ ತೆರೆದುಕೊಂಡು ಕೂತಿದ್ದರು. ಉಸಿರಾಡುತ್ತಿದ್ದರೋ ಇಲ್ಲವೋ.

ದಾರಿಯಲ್ಲಿ, ಮುಂದಿನ ಸಲ ನೀವು ಬರಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ. ಸರಿ ಅಂದರು. ಆರು ತಿಂಗಳು ಕಳೆದು ಆ ದಿನ ಬಂದಾಗ, ನಾನು ಬಾಗಿಲಿಗೆ ಬೀಗ ಹುಡುಕುತ್ತಿದ್ದರೆ ಅವರು ಆಗಲೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಿಂತಿದ್ದರು. ನಾಲ್ಕೂ ಹಲ್ಲಿನ ಪದರ ಗಟ್ಟಿಯಾಗಿತ್ತು. ಡಾಕ್ಟರಮ್ಮ ಅದನ್ನು ನನಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದರು.